ಆರ್-ಚಾಪ್ ಮಾರ್ಗದ ದಿನಚರಿ: ಒಂದು ಸುತ್ತು, 21 ದಿನ

ಹೊರಡುವ ಮುನ್ನ

ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಅಂತ ತಡವರಿಸದೆ ಹೇಳಲು ಬರುವಷ್ಟರಲ್ಲಿ ಟಿಕೆಟ್ ಕೈಗೆ ಬಂದಿರುತ್ತದೆ. ಮಾರ್ಗದ ಹೆಸರು ಆರ್-ಚಾಪ್, ಅಂದರೆ ಈ ಕಾಯಿಲೆಗೆ ಕೊಡುವ ಕೀಮೋ ಚಿಕಿತ್ಸೆ. ಅದರಲ್ಲಿ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೋಲೋನ್ ಎಂಬ ಐದು ಔಷಧಗಳು. 21 ದಿನಕ್ಕೊಂದು ಸುತ್ತು, ಹೆಚ್ಚಿನವರಿಗೆ ಆರು ಸುತ್ತು. ಇದು ಮೊದಲ ಸುತ್ತಿನ ಕಥನ. ವಾರಾಂತ್ಯದಲ್ಲಿ ಫುಟ್‌ಬಾಲ್, ಮನೆಯ ಮೂಲೆಯಲ್ಲೊಂದು ಗಿಟಾರ್, ಬಾಯಲ್ಲಿ ಸದಾ ಒಂದು ತಮಾಷೆ ಇಟ್ಟುಕೊಂಡಿರುವ ಪ್ರಯಾಣಿಕರಿಗೆ ಬರೆದದ್ದು.

ತಮಾಷೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಕ್ಕರೆ ಗಡ್ಡೆ ಕರಗುವುದಿಲ್ಲ, ಅದನ್ನು ಔಷಧ ನೋಡಿಕೊಳ್ಳುತ್ತದೆ. ನಗೆಯ ಉಪಯೋಗ ಬೇರೆ ಕಡೆ ಇದೆ. ಮಲಬದ್ಧತೆ, ಕೆಂಪು ಮೂತ್ರ, ಮಲಗುವ ಕೋಣೆಯ ಸಂಗತಿ, ಹೀಗೆ ನಾಚಿಕೆಯಿಂದ ನುಂಗಿಕೊಳ್ಳುವ ಪ್ರಶ್ನೆಗಳು ತಮಾಷೆಯ ನೆಪದಲ್ಲಿ ಬಾಯಿಂದ ಹೊರಗೆ ಬರುತ್ತವೆ. ನುಂಗಿಕೊಂಡ ಪ್ರಶ್ನೆಗಳೇ ಈ ದಾರಿಯಲ್ಲಿ ಹೆಚ್ಚು ತೊಂದರೆ ಕೊಡುವುದು.

ಎತ್ತರ, ತೂಕ ಅಳೆಯುತ್ತಾರೆ. ಡೋಸ್ ನಿರ್ಧಾರವಾಗುವುದು ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ. 170 ಸೆಂ.ಮೀ., 70 ಕೆ.ಜಿ. ಇದ್ದವರಿಗೆ ಅದು ಸುಮಾರು 1.82 ಚದರ ಮೀಟರ್. ರಿಟುಕ್ಸಿಮ್ಯಾಬ್ ಚದರ ಮೀಟರಿಗೆ 375 ಮಿ.ಗ್ರಾಂ. ಲೆಕ್ಕದಲ್ಲಿ ಸುಮಾರು 682, ಸೈಕ್ಲೋಫಾಸ್ಫಮೈಡ್ 750ರ ಲೆಕ್ಕದಲ್ಲಿ 1365, ಡಾಕ್ಸೋರುಬಿಸಿನ್ 50ರ ಲೆಕ್ಕದಲ್ಲಿ 91 ಮಿ.ಗ್ರಾಂ. ವಿನ್‌ಕ್ರಿಸ್ಟಿನ್ 1.4ರ ಲೆಕ್ಕದಲ್ಲಿ ಎರಡೂವರೆ ದಾಟುತ್ತದೆ, ಆದರೆ ಸಾಮಾನ್ಯವಾಗಿ 2 ಮಿ.ಗ್ರಾಂ.ಗೆ ನಿಲ್ಲಿಸುತ್ತಾರೆ. ಅದರ ಮೇಲೆ ಹೋದರೆ ನರಗಳು ಸುಮ್ಮನಿರುವುದಿಲ್ಲ.

ಹೃದಯದ ಎಕೋ ಆಗುತ್ತದೆ, ಏಕೆಂದರೆ ಡಾಕ್ಸೋರುಬಿಸಿನ್ ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲದು. ಜೀವಮಾನದ ಒಟ್ಟು ಮಿತಿಯನ್ನು ಚದರ ಮೀಟರಿಗೆ 450ರಿಂದ 550 ಮಿ.ಗ್ರಾಂ. ಒಳಗೆ ಇಡುತ್ತಾರೆ. ಆರು ಸುತ್ತಿಗೆ 300 ಆಗುತ್ತದೆ. ಹೆಪಟೈಟಿಸ್ ಬಿ ಪರೀಕ್ಷೆ ತಪ್ಪುವಂತಿಲ್ಲ. ಒಳಗೆ ಮಲಗಿರುವ ಆ ವೈರಸ್ಸನ್ನು ರಿಟುಕ್ಸಿಮ್ಯಾಬ್ ಎಬ್ಬಿಸಿಬಿಡಬಹುದು. ಮುಂದೆ ಮಕ್ಕಳು ಬೇಕು ಅನ್ನುವವರು ವೀರ್ಯ ಅಥವಾ ಅಂಡಾಣು ಸಂಗ್ರಹದ ಮಾತನ್ನು ಈಗಲೇ ಎತ್ತಬೇಕು. ವೈದ್ಯರು ಎತ್ತಲಿ ಅಂತ ಕಾಯಬೇಡಿ.

ಗಿಟಾರ್ ನುಡಿಸುವವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಪೋರ್ಟ್ ಯಾವ ಕಡೆ? ಔಷಧ ಹೋಗುವ ಈ ಪುಟ್ಟ ಡಬ್ಬಿಯನ್ನು ಕಾಲರ್‌ಬೋನಿನ ಕೆಳಗೆ ಚರ್ಮದಡಿ ಕೂರಿಸುತ್ತಾರೆ, ಹೆಚ್ಚಾಗಿ ಬಲಗಡೆ. ಬಲಗೈಯಲ್ಲಿ ಮೀಟುವವರ ಪಟ್ಟಿ ಎಡ ಭುಜದ ಮೇಲೆ ಹಾದುಹೋಗುವುದರಿಂದ ಅವರು ಬಚಾವ್. ಎಡಚರಿಗೆ ನಾಲ್ಕು ಕಿಲೋ ತೂಕದ ಎಲೆಕ್ಟ್ರಿಕ್ ಗಿಟಾರಿನ ಪಟ್ಟಿ ಪೋರ್ಟಿನ ಮೇಲೇ ಕೂರುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಹೇಳಿದರೆ ಬದಿ ಬದಲಾಯಿಸುವುದು ಸಾಧ್ಯವೇ ಅಂತ ನೋಡುತ್ತಾರೆ. ತೋಳಿನಲ್ಲಿ ಪಿಕ್ ಲೈನ್ (ಔಷಧ ಹೋಗಲು ತೋಳಿನ ರಕ್ತನಾಳದೊಳಗೆ ಕೂರಿಸುವ ಉದ್ದ ನಳಿಕೆ) ಹಾಕುವುದಾದರೂ ಇದೇ ಮಾತು. ಅಕೌಸ್ಟಿಕ್ ಗಿಟಾರಿನ ದೊಡ್ಡ ಹೊಟ್ಟೆಯನ್ನು ತಬ್ಬುವ ತೋಳಿಗಿಂತ ಇನ್ನೊಂದು ತೋಳು ವಾಸಿ.

ಬಟ್ಟೆ ಆಯ್ಕೆಯಲ್ಲಿ ಅಭಿಮಾನಿಗಳು ಎಡವುತ್ತಾರೆ. ನೆಚ್ಚಿನ ತಂಡದ ಗುಂಡು ಕತ್ತಿನ ಜೆರ್ಸಿ ಹಾಕಿಕೊಂಡು ಹೋದರೆ ಪೋರ್ಟಿಗೆ ಸೂಜಿ ಚುಚ್ಚಲು ಜಾಗ ಸಿಗುವುದಿಲ್ಲ. ಕಾಲರ್, ಗುಂಡಿ ಇರುವ ಹಳೇ ಮಾದರಿಯ ಜೆರ್ಸಿ ಇದ್ದರೆ ಅದನ್ನು ಧರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ದಿನ 1

ಬೆಳಗ್ಗೆ ಮನೆಯಲ್ಲೇ ಪೋರ್ಟಿನ ಮೇಲೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಬೇಕು. ಅದು ಕೆಲಸ ಮಾಡಲು ಮುಕ್ಕಾಲರಿಂದ ಒಂದು ಗಂಟೆ ಬೇಕು. ಆಸ್ಪತ್ರೆಯ ಬಾಗಿಲಲ್ಲಿ ಹಚ್ಚಿಕೊಂಡರೆ ಚರ್ಮ ಮರಗಟ್ಟುವ ಮೊದಲೇ ಸೂಜಿ ಬಂದಿರುತ್ತದೆ. ಸೂಜಿ ಹಾಕಿದ ಮೇಲೆ ನರ್ಸ್ ಸ್ವಲ್ಪ ರಕ್ತ ಹಿಂದಕ್ಕೆ ಎಳೆದು ನೋಡುತ್ತಾರೆ. ರಕ್ತ ಸರಾಗ ಬಂದರೆ ದಾರಿ ಸರಿ ಇದೆ ಎಂದರ್ಥ. ಸಲೈನ್ ಫ್ಲಶ್ ಮಾಡುವಾಗ ಬಾಯಲ್ಲಿ ವಿಚಿತ್ರ ಲೋಹದ ರುಚಿ ಬರುವುದುಂಟು. ಒಂದು ಪೆಪ್ಪರ್‌ಮಿಂಟ್ ಸಾಕು.

ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ತಡೆಯುವ ಇಂಜೆಕ್ಷನ್, ಸ್ಟಿರಾಯ್ಡ್, ವಾಂತಿ ತಡೆಯುವ ಆಂಡಾನ್ಸೆಟ್ರಾನ್. ಅಲರ್ಜಿಯ ಇಂಜೆಕ್ಷನ್‌ನಿಂದ ಕಣ್ಣು ಎಳೆಯುತ್ತದೆ, ಹಾಗಾಗಿ ಇವತ್ತು ವಾಹನ ಓಡಿಸಲು ಜೊತೆಗೊಬ್ಬರು ಬೇಕು.

ರಿಟುಕ್ಸಿಮ್ಯಾಬ್ ಶುರುವಾಗುವುದು ಗಂಟೆಗೆ 50 ಮಿ.ಗ್ರಾಂ. ವೇಗದಲ್ಲಿ. ಮೈ ಒಪ್ಪಿಕೊಂಡರೆ ಪ್ರತಿ ಅರ್ಧ ಗಂಟೆಗೆ 50 ಏರಿಸುತ್ತಾರೆ, ಗರಿಷ್ಠ 400. ಮೇಲಿನ 682 ಮಿ.ಗ್ರಾಂ. ಲೆಕ್ಕ ಹಾಕಿ ನೋಡಿ: ಮಧ್ಯೆ ಎಲ್ಲೂ ನಿಲ್ಲದಿದ್ದರೆ ಸುಮಾರು ಮೂರೂವರೆ ಗಂಟೆ. ಹಾಫ್ ಟೈಮ್ ಸೇರಿ ಎರಡು ಪೂರ್ತಿ ಪಂದ್ಯ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಆಸ್ಪತ್ರೆಯ ವೈಫೈಯನ್ನು ನಂಬಬೇಡಿ. ಗೆದ್ದ ಪಂದ್ಯಗಳನ್ನೇ ಆರಿಸಿ. ಔಷಧ ಕಹಿಯಾದರೆ ಸಾಕು.

ಮೊದಲ ಎರಡು ಗಂಟೆಯಲ್ಲಿ ಮೈ ನಡುಗುವುದು, ಗಂಟಲು ಕೆರೆತ, ಬೆನ್ನು ಹಿಡಿದಂತಾಗುವುದು, ಜ್ವರ ಕಾಣಿಸಬಹುದು. ಔಷಧ ಲಿಂಫೋಮಾ ಕಣಗಳನ್ನು ಒಡೆಯುವಾಗ ಬಿಡುಗಡೆಯಾಗುವ ರಾಸಾಯನಿಕಗಳ ಗಲಾಟೆ ಇದು, ಆದ್ದರಿಂದಲೇ ಮೊದಲ ಸಲ ಜೋರು. "ಪಾಪ, ನರ್ಸ್ ಬ್ಯುಸಿ ಇದ್ದಾರೆ" ಅಂತ ಕಾಯುವ ಸೌಜನ್ಯ ಇಲ್ಲಿ ಬೇಡ, ಗಂಟಲು ತುರಿಸಿದ ಕ್ಷಣವೇ ಕರೆಯಬೇಕು. ಡ್ರಿಪ್ ನಿಲ್ಲಿಸಿ, ಶಾಂತವಾದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಶುರು ಮಾಡುತ್ತಾರೆ. ಇದು ಹಳದಿ ಕಾರ್ಡ್ ಅಷ್ಟೇ, ಮೈದಾನ ಬಿಟ್ಟು ಹೋಗಬೇಕಾದದ್ದು ತೀರಾ ಅಪರೂಪ. ಸರಾಗವಾಗಿ ಮುಗಿದರೆ ಮುಂದಿನ ಸುತ್ತಿನಲ್ಲಿ ಗಂಟೆಗೆ 100ರಿಂದ ಶುರುಮಾಡಿ 100ರಂತೆ ಏರಿಸಬಹುದು.

ಮುಂದಿನ ಕ್ರಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಡಾಕ್ಸೋರುಬಿಸಿನ್ ಕಡುಗೆಂಪು. ಇಂಗ್ಲಿಷ್ ಬಲ್ಲ ವಾರ್ಡುಗಳಲ್ಲಿ ಅದರ ಅಡ್ಡಹೆಸರು ರೆಡ್ ಡೆವಿಲ್. ಅದು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಡ್ಡಹೆಸರೂ ಹೌದು. ಲಿವರ್‌ಪೂಲ್ ಅಭಿಮಾನಿಗಳು ರಕ್ತನಾಳದೊಳಗೆ ಇದನ್ನು ಬಿಟ್ಟುಕೊಳ್ಳುವ ಮೊದಲು ಒಂದು ನಿಮಿಷ ಮೌನ ಆಚರಿಸಿದರೆ ನರ್ಸ್ ಬೇಡ ಅನ್ನುವುದಿಲ್ಲ. ಸಿರಿಂಜನ್ನು ಅವರು ಪಕ್ಕದಲ್ಲೇ ಕೂತು, ಹರಿಯುವ ಸಲೈನ್ ಜೊತೆ ನಿಧಾನವಾಗಿ ಒತ್ತುತ್ತಾರೆ. ಇಡೀ ದಿನದಲ್ಲಿ ಅವರು ನಿಮ್ಮ ಹತ್ತಿರ ಇಷ್ಟು ಹೊತ್ತು ಕೂರುವುದು ಇದೊಂದೇ ಸಲ, ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಇಲ್ಲೇ ಖಾಲಿ ಮಾಡಿ. ಆದರೆ ಸೂಜಿಯ ಜಾಗದಲ್ಲಿ ಉರಿ, ನೋವು, ಊತ ಬಂದರೆ ಮಾತು ಅಲ್ಲಿಗೇ ತುಂಡರಿಸಿ ಹೇಳಿಬಿಡಿ. ಈ ಔಷಧ ನಾಳದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಡಾಕ್ಸೋರುಬಿಸಿನ್ ಸೋರಿದರೆ ತಣ್ಣನೆ ಪಟ್ಟಿ, ವಿನ್‌ಕ್ರಿಸ್ಟಿನ್ ಸೋರಿದರೆ ಬೆಚ್ಚನೆ ಪಟ್ಟಿ. ಎರಡಕ್ಕೂ ಒಂದೇ ಅಂತ ತಿಳಿದರೆ ಹಾನಿ ಹೆಚ್ಚುತ್ತದೆ.

ವಿನ್‌ಕ್ರಿಸ್ಟಿನ್ ಪುಟ್ಟ ಚೀಲದಲ್ಲಿ ಬಂದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸಿರಿಂಜಿನ ಬದಲು ಚೀಲ ಯಾಕೆ ಅಂದರೆ, ಬೆನ್ನುಹುರಿಗೆ ಕೊಡುವ ಇಂಜೆಕ್ಷನ್ ಜೊತೆ ಇದು ಎಂದೂ ಅದಲುಬದಲಾಗಬಾರದು, ಹಾಗಾದರೆ ಜೀವಕ್ಕೇ ಅಪಾಯ. ಕೊನೆಗೆ ಸೈಕ್ಲೋಫಾಸ್ಫಮೈಡ್, ಅರ್ಧದಿಂದ ಒಂದು ಗಂಟೆ. ಮೂಗಿನ ಮೇಲ್ಭಾಗ ಚುರುಗುಟ್ಟಿದರೆ ವೇಗ ಇಳಿಸಲು ಹೇಳಿ.

ಮನೆಗೆ ಬಂದ ಮೇಲೆ ಎರಡರಿಂದ ಮೂರು ಲೀಟರ್ ನೀರು, ಹೃದಯ ಅಥವಾ ಕಿಡ್ನಿಗಾಗಿ ಮಿತಿ ಹೇಳಿರದಿದ್ದರೆ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಮಲಗುವ ಮುಂಚೆಯೂ. ಸೈಕ್ಲೋಫಾಸ್ಫಮೈಡಿನ ತ್ಯಾಜ್ಯ ಮೂತ್ರಕೋಶದಲ್ಲಿ ನಿಂತರೆ ಒಳಪದರ ಕೆರೆದು ರಕ್ತ ಬರಿಸುತ್ತದೆ. ಮೊದಲ ಒಂದೆರಡು ದಿನ ಮೂತ್ರ ಕೆಂಪಾಗಿದ್ದರೆ ಅದು ಡಾಕ್ಸೋರುಬಿಸಿನ್ ಬಣ್ಣ. ಎರಡು ದಿನ ದಾಟಿಯೂ ಕೆಂಪಿದ್ದರೆ, ಅಥವಾ ಉರಿ ಇದ್ದರೆ, ಫೋನ್ ಮಾಡಬೇಕು. 48 ಗಂಟೆ ಟಾಯ್ಲೆಟ್‌ನಲ್ಲಿ ಕೂತೇ ಕೆಲಸ ಮುಗಿಸಿ, ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಬೇಕು. ಔಷಧದ ಅಂಶ ಮನೆಯವರಿಗೆ ತಗುಲದಿರಲಿ ಅಂತ.

ರಾತ್ರಿ ಮಲಗುವ ಮೊದಲು ಮಲಬದ್ಧತೆ ತಡೆಯುವ ಸೆನ್ನಾ ಮಾತ್ರೆ. ವಿನ್‌ಕ್ರಿಸ್ಟಿನ್ ಕರುಳಿನ ನರವನ್ನು ಮಂದ ಮಾಡುತ್ತದೆ, ಆಂಡಾನ್ಸೆಟ್ರಾನ್ ಅದಕ್ಕೆ ಬೀಗ ಜಡಿಯುತ್ತದೆ. ಮೂರನೇ ದಿನ ಕಟ್ಟಿಕೊಂಡ ಮೇಲೆ ನೋಡೋಣ ಅಂದವರ ಕಥೆ ಯಾರಿಗೂ ಕೇಳಲು ಇಷ್ಟವಾಗದು.

ದಿನ 2ರಿಂದ 5

ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ 100 ಮಿ.ಗ್ರಾಂ., ದಿನಕ್ಕೊಮ್ಮೆ, ಮೊದಲ ದಿನವೂ ಸೇರಿ ಐದು ದಿನ. ಬೆಳಗಿನ ತಿಂಡಿಯ ಜೊತೆಗೇ ನುಂಗಬೇಕು. ಸಂಜೆಗೆ ದೂಡಿದರೆ ರಾತ್ರಿ ನಿದ್ದೆಯ ಆಸೆ ಬಿಡಿ. ಬೆಳಗ್ಗೆ ನುಂಗಿದರೂ ರಾತ್ರಿ ಎರಡು ಗಂಟೆಗೆ ಕಣ್ಣು ಬಟ್ಟಲಾಗಿ, ಮನೆಯ ಎಲ್ಲ ಕಪಾಟು ಜೋಡಿಸುವ ಹುಮ್ಮಸ್ಸು ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಸಕ್ಕರೆ ಮಟ್ಟ ಏರುವುದರಿಂದ ದಿನವೂ ಪರೀಕ್ಷಿಸಬೇಕು. ಸ್ಪರ್ಧೆಯ ವೇಳೆ ಈ ಮಾತ್ರೆ ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿದೆ. ಅನುಮತಿ ಪತ್ರ ಇಲ್ಲದೆ ಈ ವಾರ ನೀವು ಅಧಿಕೃತ ಪಂದ್ಯ ಆಡುವಂತಿಲ್ಲ. ಬಹಳ ವರ್ಷಗಳಿಂದ ಬೆಂಚಿನಲ್ಲಿ ಕೂರುತ್ತಿರುವವರಿಗೆ ಇಷ್ಟು ಗೌರವದ ನೆಪ ಇನ್ನೊಮ್ಮೆ ಸಿಗದು.

ನಡುರಾತ್ರಿಯ ಹುಮ್ಮಸ್ಸಿಗೆ ಗಿಟಾರ್ ಸರಿಯಾದ ಗೆಳೆಯ. ಎಲೆಕ್ಟ್ರಿಕ್ ಆದರೆ ಹೆಡ್‌ಫೋನ್ ಆಂಪ್ ಹಾಕಿ, ಅಕೌಸ್ಟಿಕ್ ಆದರೆ ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕಿ. ಒಂದು ಕಟ್ಟುನಿಟ್ಟಿನ ನಿಯಮ: ಐದನೇ ದಿನ ಮುಗಿಯುವವರೆಗೆ ಹೊಸ ಗಿಟಾರ್ ಕೊಳ್ಳಬಾರದು. 100 ಮಿ.ಗ್ರಾಂ. ಸ್ಟಿರಾಯ್ಡ್ ಮೇಲೆ ಪ್ರತಿಯೊಂದು ಗಿಟಾರೂ ಅನಿವಾರ್ಯ ಅನ್ನಿಸುತ್ತದೆ. ಕಾರ್ಟ್‌ನಲ್ಲಿ ಹಾಕಿಡಿ, ಎಂಟನೇ ದಿನ ತೆರೆದು ನೋಡಿ. ಆಗಲೂ ಬೇಕೆನ್ನಿಸಿದರೆ ಅದು ಔಷಧದ ದೋಷ ಅಲ್ಲ.

ಎರಡನೇ ದಿನ, ಕೀಮೋ ಮುಗಿದು ಕನಿಷ್ಠ 24 ಗಂಟೆ ಕಳೆದ ಮೇಲೆ, ಅಗತ್ಯವಿದ್ದವರಿಗೆ ಹೊಟ್ಟೆ ಅಥವಾ ತೋಳಿನ ಚರ್ಮದಡಿ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿ.ಗ್ರಾಂ. ಇದು ಮೂಳೆಮಜ್ಜೆಯನ್ನು ಬಿಳಿ ರಕ್ತಕಣ ಮಾಡಲು ದುಡಿಸುತ್ತದೆ. ಬೇಗ ಕೊಟ್ಟರೆ ಹೊಸದಾಗಿ ಹುಟ್ಟುತ್ತಿರುವ ಕಣಗಳನ್ನೇ ಕೀಮೋ ಕೊಲ್ಲುತ್ತದೆ, ಅದಕ್ಕೇ ಆ 24 ಗಂಟೆ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಚುಚ್ಚುವಾಗ ಉರಿ ಕಡಿಮೆ. ಒಂದೆರಡು ದಿನದಲ್ಲಿ ಸೊಂಟ, ಎದೆಮೂಳೆ, ತೊಡೆ ಮಿಡಿಯುತ್ತವೆ. ಪ್ಯಾರಾಸಿಟಮಾಲ್ ತೆಗೆದುಕೊಳ್ಳುವ ಮೊದಲು ಜ್ವರ ಅಳೆಯುವುದನ್ನು ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಿ. ಮಾತ್ರೆ ಜ್ವರವನ್ನು ಬಚ್ಚಿಡುತ್ತದೆ.

ದಿನ 6, 7

ಸ್ಟಿರಾಯ್ಡ್ ನಿಂತಿತು. ಮೆಟ್ಟಿಲೇ ಇಲ್ಲದ ಕಡೆ ಕಾಲಿಟ್ಟ ಹಾಗೆ ಮೈ ಕುಸಿಯುತ್ತದೆ. ಸುಸ್ತು, ಕಾರಣವಿಲ್ಲದ ಅಳು, ಮನೆಯವರ ಮೇಲೆ ಸಿಡುಕು. ಇದು ಮಾತ್ರೆ ಇಳಿದದ್ದರ ಫಲ ಅಂತ ಮನೆಯವರಿಗೆ ಮುಂಚೆಯೇ ಹೇಳಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಈ ಎರಡು ದಿನ ತಮಾಷೆಗೆ ರಜೆ ಕೊಡಿ. ಪ್ರಯಾಣಿಕ ಎಲ್ಲರನ್ನೂ ನಗಿಸುತ್ತಲೇ ಇರಬೇಕೆಂಬ ನಿರೀಕ್ಷೆ ದೊಡ್ಡ ಹೊರೆ, ಭೇಟಿಗೆ ಬಂದವರು ಅದನ್ನು ಹೇರದಿರಲಿ.

ಬಾಯಿಯ ಒಳಗೋಡೆ ಇವತ್ತಿನಿಂದ ಚುರುಚುರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕರಿಂದ ಆರು ಸಲ, ಪ್ರತಿ ಊಟದ ನಂತರ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಆಲ್ಕೋಹಾಲ್ ಇರುವ ಅಂಗಡಿಯ ಮೌತ್‌ವಾಶ್ ಉರಿಯ ಮೇಲೆ ಉರಿ. ಬ್ರಶ್ ಅತಿ ಮೃದುವಾದದ್ದಿರಲಿ. ದವಡೆ ಜಗ್ಗಿದಂತೆ ನೋಯುವುದಾದರೆ ಅದು ವಿನ್‌ಕ್ರಿಸ್ಟಿನ್ ಕೆಲಸ. ಹಲ್ಲು ಕೀಳಿಸಲು ಓಡಬೇಡಿ, ವೈದ್ಯರಿಗೆ ತಿಳಿಸಿ.

ದಿನ 8ರಿಂದ 14

ಮಾರ್ಗದಲ್ಲಿ ಅತ್ಯಂತ ಅಪಾಯದ ಘಟ್ಟ ಇದು, ನೋಡಲು ಮಾತ್ರ ಅತ್ಯಂತ ಸಪ್ಪೆ. ಬಿಳಿ ರಕ್ತಕಣಗಳು ತಳಕ್ಕಿಳಿಯುತ್ತವೆ. ಅವುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಕಣಗಳ ಎಣಿಕೆ ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದರೆ, ಬಾಯಲ್ಲಿ, ಕರುಳಲ್ಲಿ, ಚರ್ಮದಲ್ಲಿ ನಿಮ್ಮ ಜೊತೆಗೇ ಸುಮ್ಮನೆ ಬದುಕಿದ್ದ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ನುಗ್ಗಬಹುದು. ಆಗ ಕೀವು ಕಟ್ಟುವುದಿಲ್ಲ, ಕೆಂಪಾಗುವುದಿಲ್ಲ. ಅದಕ್ಕೆ ಬೇಕಾದ ಕಣಗಳೇ ಇಲ್ಲವಲ್ಲ. ಎಷ್ಟೋ ಸಲ ಜ್ವರವೊಂದೇ ಸುಳಿವು.

ಆದ್ದರಿಂದ ಥರ್ಮಾಮೀಟರ್ ವಿಷಯದಲ್ಲಿ ತಮಾಷೆ ಇಲ್ಲ. ಬೆಳಗ್ಗೆ, ಸಂಜೆ, ಚಳಿ ಅನ್ನಿಸಿದಾಗೆಲ್ಲ ಅಳೆಯಿರಿ. ಬಿಸಿ ಅಥವಾ ತಣ್ಣಗಿನದು ಕುಡಿದಿದ್ದರೆ ಕಾಲು ಗಂಟೆ ಬಿಟ್ಟು ಬಾಯಲ್ಲಿ ಇಡಿ. ಗುದದ್ವಾರದಲ್ಲಿ ಥರ್ಮಾಮೀಟರ್, ಎನಿಮಾ ಯಾವುದೂ ಈ ವಾರ ಕೂಡದು, ಸಣ್ಣ ಗೀರು ಸಾಕು ಸೋಂಕಿಗೆ. ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 101) ಬಂದರೆ, ಅಥವಾ 38.0 (100.4) ಒಂದು ಗಂಟೆ ನಿಂತರೆ, ಹೊರಡಬೇಕು. ನಿಮ್ಮ ಆಸ್ಪತ್ರೆ ಇನ್ನೂ ಕಡಿಮೆ ಅಂಕಿ ಹೇಳಿದ್ದರೆ ಅದೇ ಅಂಕಿ. ಪ್ಯಾರಾಸಿಟಮಾಲ್ ಹಾಕಿ ಕಾಯುವುದು ಬೇಡ, ಬೆಳಗಾಗಲಿ ಅನ್ನುವುದು ಬೇಡ, ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋಗಿದ್ದರೂ ಬೇಡ. ಫೋನಿನಲ್ಲಿ ಹೇಳಬೇಕಾದ್ದು ಚುಟುಕು: "ಆರ್-ಚಾಪ್, ಇವತ್ತು ಹತ್ತನೇ ದಿನ, ಜ್ವರ 38.4." ತುರ್ತು ಚಿಕಿತ್ಸಾ ವಿಭಾಗದಲ್ಲೂ ಇದೇ ವಾಕ್ಯ, ಬಾಗಿಲಲ್ಲೇ. ತಲುಪಿದ ಒಂದು ಗಂಟೆಯೊಳಗೆ ನಾಳಕ್ಕೆ ಆ್ಯಂಟಿಬಯಾಟಿಕ್ ಬೀಳಬೇಕು ಎಂಬುದು ಗುರಿ. ಸರದಿಯಲ್ಲಿ ಕೂತು ನಗುನಗುತ್ತಾ ಮಾತಾಡುವ ರೋಗಿಯನ್ನು ನೋಡಿದವರು ಇವರಿಗೇನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಹಾಸ್ಯಪ್ರಿಯರಿಗೆ ಇರುವ ವಿಶೇಷ ಅಪಾಯ ಇದು.

ಕ್ರೀಡಾಂಗಣದ ಜನಜಂಗುಳಿಗೆ ಈ ವಾರ ಹೋಗಬೇಡಿ. ಕೆಮ್ಮುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ, ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಕೃತಕ ಹುಲ್ಲಿನ ಮೈದಾನದಲ್ಲಿ ಜಾರಿಬಿದ್ದರೆ ಮೊಣಕಾಲಿನ ಚರ್ಮ ಸುಲಿಯುತ್ತದೆ. ಅದು ಸೋಂಕಿಗೆ ತೆರೆದ ಬಾಗಿಲು.

ಗಿಟಾರ್ ನುಡಿಸಬಹುದು. ಮುಂಚೆ, ಆಮೇಲೆ 20 ಸೆಕೆಂಡ್ ಸೋಪಿನಿಂದ ಕೈ ತೊಳೆಯಿರಿ, ತಂತಿಗಳನ್ನು ಒರೆಸಿಕೊಳ್ಳಿ. ತಂತಿ ಬದಲಾಯಿಸುವ ಕೆಲಸ ಮಾತ್ರ ಬೇರೆಯವರಿಗೆ ಬಿಡಿ. ಬಿರಡೆಯ ಬಳಿ ಕತ್ತರಿಸಿದ ತುದಿ ಸೂಜಿಯಷ್ಟೇ ಚೂಪು, ಮತ್ತು ಈ ವಾರ ಪ್ಲೇಟ್‌ಲೆಟ್‌ಗಳೂ ಇಳಿದಿರಬಹುದು. ಬೆರಳುಗುರಿನಿಂದ ಮೀಟುವವರು ಉಗುರು ಗಿಡ್ಡ ಮಾಡಿಕೊಳ್ಳುವುದು ವಾಸಿ. ಕೀಮೋದಿಂದ ಉಗುರು ಪೆಳಸಾಗಿ ಸೀಳುತ್ತದೆ, ಮುಂದಿನ ಸುತ್ತುಗಳಲ್ಲಿ ಅಡ್ಡಡ್ಡ ಕಪ್ಪು ಗೆರೆಗಳೂ ಬರಬಹುದು.

ದಿನ 15ರಿಂದ 20

ಹಸಿವು ಮರಳುತ್ತದೆ, ಕಣಗಳು ಏರುತ್ತವೆ. ಅದೇ ಹೊತ್ತಿಗೆ ತಲೆದಿಂಬಿನ ಮೇಲೆ ಕೂದಲು. ಉದುರುವ ಎರಡು ದಿನ ಮೊದಲು ನೆತ್ತಿ ನೋಯುತ್ತದೆ. ಟ್ರಿಮ್ಮರ್‌ನಿಂದ ಗಿಡ್ಡ ಮಾಡಿಸಿಕೊಳ್ಳಿ. ಬ್ಲೇಡ್ ಬೇಡ, ಗಾಯವಾಗುತ್ತದೆ. ನೆತ್ತಿ ತಣ್ಣಗಿಟ್ಟು ಕೂದಲು ಉಳಿಸುವ ಟೋಪಿಯನ್ನು ರಕ್ತದ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ. 1998ರ ವಿಶ್ವಕಪ್ ಫೈನಲ್‌ನಲ್ಲಿ ಎರಡು ಹೆಡರ್ ಗೋಲು ಹೊಡೆದ ಜಿದಾನ್ ಅವರ ಬೋಳಾಗುತ್ತಿದ್ದ ನೆತ್ತಿಯನ್ನು ನೆನಪಿಸಿಕೊಂಡರೆ ಆಟಕ್ಕೆ ಕೂದಲು ಎಷ್ಟು ಮುಖ್ಯ ಅಂತ ತಿಳಿಯುತ್ತದೆ.

ಚೆಂಡು ತಟ್ಟಬಹುದು, ಇಬ್ಬರು ನಿಂತು ಪಾಸ್ ಮಾಡಬಹುದು. ಪೋರ್ಟ್ ಇರುವವರು ಎದೆಯಲ್ಲಿ ಚೆಂಡು ತಡೆಯಬಾರದು, ಮೈಮೇಲೆ ಬೀಳುವ ಆಟ ಬೇಡ. ಪಿಕ್ ಲೈನ್ ಇದ್ದವರಿಗೆ ಥ್ರೋ-ಇನ್, ಗೋಲ್‌ಕೀಪಿಂಗ್ ಎರಡೂ ಇಲ್ಲ. ತೋಳನ್ನು ತಲೆ ಮೇಲೆ ಜೋರಾಗಿ ಬೀಸಿದರೆ ನಳಿಕೆ ಜಾಗ ಬಿಡಬಹುದು. ಅರ್ಧ ಗಂಟೆ ನಡಿಗೆ ಸುಸ್ತಿಗೆ ಒಳ್ಳೆಯ ಮದ್ದು, ವಿಚಿತ್ರವಾದರೂ ನಿಜ.

ಭೇಟಿಗೆ ಬಂದವರು ಈ ವಾರ ಸೆಬಾಸ್ಟಿಯನ್ ಹಾಲರ್ ಕಥೆ ಹೇಳಿಯೇ ಹೇಳುತ್ತಾರೆ. 2022ರ ಜುಲೈನಲ್ಲಿ ವೃಷಣದ ಗಡ್ಡೆ ಪತ್ತೆಯಾಗಿ, ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿ, 2023ರ ಫೆಬ್ರುವರಿ 4ರಂದು, ವಿಶ್ವ ಕ್ಯಾನ್ಸರ್ ದಿನವೇ, ಡಾರ್ಟ್‌ಮಂಡ್ ಪರ ಗೋಲು ಹೊಡೆದ ಆಟಗಾರ. ಚೆಂದದ ಕಥೆ. ಆದರೆ ಅವರದ್ದು ಬೇರೆ ಕಾಯಿಲೆ, ಬೇರೆ ಔಷಧ, ಜೊತೆಗೆ ಕ್ಲಬ್ಬಿನ ವೈದ್ಯರ ಪಡೆ. ಅವರ ಕ್ಯಾಲೆಂಡರ್ ಜೊತೆ ನಿಮ್ಮದನ್ನು ಹೋಲಿಸಿಕೊಳ್ಳಬೇಕಿಲ್ಲ.

ಗಿಟಾರಿಗೆ ಈಗ ವೈದ್ಯಕೀಯ ಕೆಲಸವೊಂದಿದೆ. ವಿನ್‌ಕ್ರಿಸ್ಟಿನ್ ಸುತ್ತು ಸುತ್ತಿಗೂ ನರಗಳಲ್ಲಿ ಜಮೆಯಾಗುತ್ತಾ ಬೆರಳ ತುದಿ, ಕಾಲ ತುದಿಗೆ ಜೋಮು ತರುತ್ತದೆ. ಅಂಗಿಯ ಗುಂಡಿ ಹಾಕಲು ಆಗುತ್ತದೆಯೇ ಅಂತ ವೈದ್ಯರು ಕೇಳುತ್ತಾರೆ, ಗುಂಡಿ ತಪ್ಪುವ ಎಷ್ಟೋ ಮೊದಲು ತಂತಿ ತಪ್ಪುತ್ತದೆ. ಕಣ್ಣು ಮುಚ್ಚಿಕೊಂಡು ಮೊದಲ ಎರಡು ತಂತಿಗಳನ್ನು ಬೆರಳ ಸ್ಪರ್ಶದಿಂದಲೇ ಬೇರೆ ಗುರುತಿಸಿ. ಮೆಟ್ರೊನೋಮ್ 80ಕ್ಕಿಟ್ಟು ಒಂದೇ ಸ್ಕೇಲ್ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಈ ದಿನಗಳಲ್ಲಿ ಒಂದನ್ನು ಆರಿಸಿ ಪ್ರತಿ ಸುತ್ತಿನಲ್ಲೂ ಅದೇ ದಿನ. ಮಂಕಾದ ಸ್ವರ, ಫ್ರೆಟ್ ಮೇಲೆ ಝುಂಯ್ ಅನ್ನುವ ಸದ್ದು ಹೆಚ್ಚಿದರೆ ಬೆರಳು ಒತ್ತುವುದು ತನಗೇ ಗೊತ್ತಾಗುತ್ತಿಲ್ಲ ಎಂದರ್ಥ. ನಡೆಯುವಾಗ ಹೆಬ್ಬೆರಳು ನೆಲಕ್ಕೆ ಎಡವುವುದು ಫುಟ್‌ಬಾಲಿಗರಿಗೆ ಕಾಣುವ ಸುಳಿವು. ಎರಡನ್ನೂ ಹೇಳಿ. ವೈದ್ಯರು ವಿನ್‌ಕ್ರಿಸ್ಟಿನ್ ತಗ್ಗಿಸುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೂ ಕೆಲ ವಾರ ಜೋಮು ಏರಬಹುದು, ಆದ್ದರಿಂದ ತಡ ಮಾಡುವುದು ಜಾಣತನ ಅಲ್ಲ.

ತಂತಿಯನ್ನು 0.010 ಇಂಚಿನ ಸೆಟ್‌ನಿಂದ 0.009ಕ್ಕೆ ಇಳಿಸಿ, ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿದರೆ ಬಿಗಿತ ಕಡಿಮೆಯಾಗುತ್ತದೆ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಈ ದಾರಿಯ ಹಿರಿಯ. 1965ರಲ್ಲಿ, 17ನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಚರಾದ್ದರಿಂದ ಅದೇ ಅವರ ತಂತಿ ಒತ್ತುವ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ತುದಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು. 2012ರಲ್ಲಿ ಅವರಿಗೂ ಲಿಂಫೋಮಾ ಪತ್ತೆಯಾಯಿತು. ಚಿಕಿತ್ಸೆಯ ನಡುವೆ ರೆಕಾರ್ಡಿಂಗ್ ಮಾಡಿದರು, ಬ್ಯಾಂಡ್ 2017ರವರೆಗೆ ವೇದಿಕೆಯಲ್ಲಿತ್ತು.

ದಿನ 21

ಇವತ್ತು ಅಥವಾ ನಿನ್ನೆ ರಕ್ತಪರೀಕ್ಷೆ. ನ್ಯೂಟ್ರೋಫಿಲ್ 1000ದ ಮೇಲೆ, ಪ್ಲೇಟ್‌ಲೆಟ್ ಒಂದು ಲಕ್ಷದ ಆಸುಪಾಸು ಇದ್ದರೆ ಸಾಮಾನ್ಯವಾಗಿ ಮುಂದಿನ ಸುತ್ತಿಗೆ ಹಸಿರು ನಿಶಾನೆ. ಇಲ್ಲದಿದ್ದರೆ ಕೆಲವು ದಿನ, ಇಲ್ಲವೇ ಒಂದು ವಾರ ಮುಂದೂಡುತ್ತಾರೆ. ಮಳೆ ಬಂದು ಪಂದ್ಯ ಮುಂದಕ್ಕೆ ಹೋದಾಗ ಆಗುವಷ್ಟೇ ಬೇಜಾರು, ಅದಕ್ಕಿಂತ ಹೆಚ್ಚು ಬೇಡ. ತೂಕ ಮತ್ತೆ ನೋಡುತ್ತಾರೆ, ಬಹಳ ಏರುಪೇರಾಗಿದ್ದರೆ ಡೋಸ್ ಲೆಕ್ಕವೂ ಬದಲಾಗುತ್ತದೆ. ವೈದ್ಯರ ಮುಂದೆ ಕೂತಾಗ ಎಲ್ಲ ಮರೆತುಹೋಗುವುದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಜ್ವರ ಎಷ್ಟು ಸಲ, ಎಷ್ಟನೇ ದಿನ, ಮಲಬದ್ಧತೆ ಎಷ್ಟು ದಿನ ಇತ್ತು, ಬಾಯಿಹುಣ್ಣಿನಿಂದ ಊಟ ಬಿಟ್ಟದ್ದು ಎಂದು, ಬೆರಳಿನ ಜೋಮು ಇಡೀ ದಿನವೋ, ಬಂದು ಹೋಗುವುದೋ.

ಇನ್ನು ಪಂದ್ಯದ ಟಿಕೆಟ್. ಸುತ್ತಿನ 16ರಿಂದ 20ನೇ ದಿನದೊಳಗೆ ಬೀಳುವ ಪಂದ್ಯಕ್ಕೆ ಮಾತ್ರ, ಅದೂ ಕಣಗಳ ಎಣಿಕೆ ನೋಡಿ ವೈದ್ಯರು ಒಪ್ಪಿದರೆ, ಹಣ ವಾಪಸ್ ಬರುವ ಟಿಕೆಟ್ಟನ್ನೇ ಕೊಳ್ಳಿ. ಬಾಗಿಲ ಬಳಿಯ ಸೀಟು, ಮುಖಕ್ಕೆ ಮಾಸ್ಕ್, ಜೇಬಿನಲ್ಲಿ ಥರ್ಮಾಮೀಟರ್, ಆಸ್ಪತ್ರೆಯ ಫೋನ್ ನಂಬರ್. ಮುಂದಿನ ಸುತ್ತು ಒಂದು ವಾರ ಜಾರಿದರೆ ಮುಂದಿನ ಎಲ್ಲ ತಾರೀಖುಗಳೂ ಜಾರುತ್ತವೆ, ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ಲಿನಿಂದಲೇ ಬರೆಯಿರಿ.